ಮೇಷ್ಟ್ರನ್ನು ಕಂಡರೆ ಇಳಿಯುವ ಕಾಲು

ನಿನ್ನೆ ಬೆಳಿಗ್ಗೆ ಹಾಸನದ ಬಸ್ ನಿಲ್ದಾಣದ ಹತ್ತಿರ ಒಬ್ಬ ಆಟೋದವನ ಬಾಯಿಂದ ನನಗೆ ಸುಪ್ರಭಾತವಾಯಿತು. ತಪ್ಪು ನನ್ನದೇ. ಹಾಲು ತರಲು ಸೈಕಲ್ಲಿನಲ್ಲಿ ಹೊರಟಿದ್ದೆ. ಎದುರಿನಿಂದ ಬಿಳಿ ಪಂಚೆ ಉಟ್ಟು ಛತ್ರಿ ಹಿಡಿದ ಹಿರಿಯರೊಬ್ಬರು ಬಂದರು. ಯಾರೋ ಏನೋ, ಜನ್ಮದಲ್ಲಿ ನೋಡಿದವರಲ್ಲ. ಅಷ್ಟಕ್ಕೇ ನನ್ನ ಬಲಗಾಲು ಪೆಡಲು ಬಿಟ್ಟು, ಸೀಟಿನ ಹಿಂದಿನಿಂದ ಹಾರಿ, ಎಡಗಾಲಿನ ಪಕ್ಕಕ್ಕೆ ಬಂದು ನಿಂತುಬಿಟ್ಟಿತು. ನಡುರಸ್ತೆಯಲ್ಲಿ ಸೈಕಲ್ ಹಿಡಿದು ತಲೆ ತಗ್ಗಿಸಿ ನಿಂತೆ. ಹಿಂದಿದ್ದ ಆಟೋ ನನ್ನ ಚಕ್ರಕ್ಕೆ ಒಂದು ಗೇಣು ದೂರದಲ್ಲಿ ಕಿರುಚಿಕೊಂಡು ನಿಂತಿತು.

“ಏನ್ ಸಾ, ನಡು ರೋಡಲ್ಲಿ ಇಳ್ದು ಧ್ಯಾನ ಮಾಡ್ತಿದ್ದೀರಾ? ಮನೇಲಿ ಯೋಳ್ಬಂದಿದ್ದೀರಾ ತಾನೆ?”

ಛತ್ರಿಯ ಹಿರಿಯರು ನನ್ನ ವಿನಯವನ್ನು ಗಮನಿಸಲೇ ಇಲ್ಲ. ಎಳನೀರಿನ ಗಾಡಿಯವನ ಹತ್ತಿರ ಚೌಕಾಸಿ ಮಾಡಲು ಹೋದರು. ನಾನು ಹಾಲು ತಗೊಂಡು, ಉಳಿದ ದಾರಿಯನ್ನು ನಡೆದೇ ಮನೆಗೆ ಬಂದೆ.

ಈ ಕಾಲಿನ ಕಥೆಯನ್ನು ನಿಮಗೆ ಹೇಳಲೇಬೇಕು. ನನ್ನ ಕೈ ನನ್ನ ಮಾತು ಕೇಳುತ್ತದೆ. ನಾಲಿಗೆ ಅರ್ಧಂಬರ್ಧ ಕೇಳುತ್ತದೆ. ಹೊಟ್ಟೆ ಮದುವೆ ಮನೆಯಲ್ಲಿ ಮಾತ್ರ ಕೇಳುವುದಿಲ್ಲ. ಆದರೆ ಈ ಬಲಗಾಲು ಇದೆಯಲ್ಲ, ಇದು ಹೆಸರಿಗೆ ಮಾತ್ರ ನನ್ನದು. ನಲವತ್ತು ವರ್ಷಗಳಿಂದ ಗಂಗಾಧರಯ್ಯ ಮೇಷ್ಟ್ರ ನೌಕರಿಯಲ್ಲೇ ಇದೆ.

ಗಂಗಾಧರಯ್ಯ ಮೇಷ್ಟ್ರು ಬಾಗೂರಿನ ಶಾಲೆಯಲ್ಲಿ ನಮಗೆ ಗಣಿತ ಕಲಿಸಿದವರು. ಗಣಿತ ನನಗೆ ಬರಲಿಲ್ಲ, ಅದು ಬೇರೆ ಮಾತು. ಆದರೆ ಸೈಕಲ್ಲಿನಿಂದ ಇಳಿಯುವುದನ್ನು ಅವರು ಕಲಿಸಿದ್ದು ಇವತ್ತಿಗೂ ಮರೆತಿಲ್ಲ. ಅವರ ಕಾನೂನು ಬಹಳ ಸರಳ. ದೊಡ್ಡವರು ನಡೆದು ಬರುತ್ತಿರುವಾಗ ಚಿಕ್ಕವರು ಸೈಕಲ್ ಮೇಲೆ ಕೂತು ಹೋಗಬಾರದು. ಹತ್ತು ಹೆಜ್ಜೆ ಮುಂಚೆ ಇಳಿಯಬೇಕು. ತಲೆ ತಗ್ಗಿಸಿ ತಳ್ಳಿಕೊಂಡು ಹೋಗಬೇಕು. ಅವರನ್ನು ದಾಟಿ ಹತ್ತು ಹೆಜ್ಜೆ ಆದ ಮೇಲೆ ಹತ್ತಬಹುದು. ಒಮ್ಮೆ ಒಬ್ಬ ಹುಡುಗ ಸೀಟಿನ ಮೇಲಿಂದಲೇ ಅವರಿಗೆ ಕೈ ಮುಗಿದ. ಮಾರನೆಯ ದಿನ ಪ್ರಾರ್ಥನೆಯಲ್ಲಿ ಅವನನ್ನು ಮುಂದೆ ನಿಲ್ಲಿಸಿ ಕೇಳಿದರು: “ಆನೆ ಮೇಲೆ ಕೂತ ಮಹಾರಾಜ್ರಿಗೆ ಮಾತ್ರ ಇಳೀದೆ ಕೈ ಮುಗಿಯೋ ಹಕ್ಕು ಐತೆ. ನೀನು ಯಾವ ಅರಮನೆ ಮಹಾರಾಜನ್ಲಾ?”

ಈಗಿನವರಿಗೆ ಇದರ ಕಷ್ಟ ಗೊತ್ತಾಗುವುದಿಲ್ಲ. ಬಾಗೂರು ದೊಡ್ಡ ಊರು. ಊರು ದೊಡ್ಡದಾದ ಮೇಲೆ ದೊಡ್ಡವರೂ ಜಾಸ್ತಿ. ಅಂಗಡಿ ಕಟ್ಟೆಯ ಮೇಲೆ ನಾಲ್ವರು, ಅರಳಿಕಟ್ಟೆಯ ಮೇಲೆ ಏಳೆಂಟು ಜನ, ಹಿಟ್ಟಿನ ಗಿರಣಿಯ ಮುಂದೆ ಸರದಿ ಕಾಯುವ ಅಜ್ಜಿಯರು. ಒಬ್ಬರನ್ನು ದಾಟಿ ಹತ್ತು ಹೆಜ್ಜೆ ಮುಗಿಯುವುದರೊಳಗೆ ಇನ್ನೊಬ್ಬರಿಗೆ ಹತ್ತು ಹೆಜ್ಜೆ ಶುರುವಾಗುತ್ತಿತ್ತು. ನಮ್ಮ ಮನೆಯಿಂದ ಶಾಲೆಗೆ ನಡೆದು ಹೋದರೆ ಕಾಲು ಗಂಟೆ, ಸೈಕಲ್ಲಿನಲ್ಲಿ ಹೋದರೆ ಅರ್ಧ ಗಂಟೆ. ಸಂತೆಯ ದಿನವಂತೂ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತಂದ ಸೈಕಲ್ಲನ್ನು ಮುಕ್ಕಾಲು ಗಂಟೆ ಊರೆಲ್ಲ ತಳ್ಳಿಕೊಂಡು ತಿರುಗಿ, ಹೇಗಿದೆಯೋ ಹಾಗೇ ವಾಪಸು ಕೊಟ್ಟದ್ದೂ ಉಂಟು. ಬಾಡಿಗೆ ಅಂಗಡಿಯವನು ಮಾತ್ರ ನಮ್ಮ ಮೇಷ್ಟ್ರನ್ನು ದೇವರೆಂದೇ ತಿಳಿದಿದ್ದ. ಅವನ ಸೈಕಲ್ಲುಗಳು ಸವೆಯುತ್ತಲೇ ಇರಲಿಲ್ಲ.

ಒಂದು ಸಲ ಕೆರೆ ಏರಿಯ ಇಳಿಜಾರಿನಲ್ಲಿ ಬರುತ್ತಿದ್ದೆ. ಆಗ ನನಗೆ ಸೀಟು ಎಟುಕುತ್ತಿರಲಿಲ್ಲ. ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿಯುವ ವಯಸ್ಸು. ಬಾಡಿಗೆ ಸೈಕಲ್ಲಿಗೆ ಬೆಲ್ಲು ಇತ್ತು, ಬ್ರೇಕು ಇರಲಿಲ್ಲ. ಎದುರಿಗೆ ಮೇಷ್ಟ್ರು ಬರುತ್ತಿದ್ದಾರೆ! ಇಳಿಯೋಣವೆಂದರೆ ಸೈಕಲ್ ನಿಲ್ಲುತ್ತಿಲ್ಲ. ಇಳಿಯದೆ ಹೋಗೋಣವೆಂದರೆ ನಾಳೆ ಪ್ರಾರ್ಥನೆ ಇದೆ. ಒಂದು ಕ್ಷಣ ಯೋಚಿಸಿ, ಹ್ಯಾಂಡಲ್ಲನ್ನು ಕತ್ತಾಳೆ ಬೇಲಿಯ ಕಡೆ ತಿರುಗಿಸಿದೆ. ಮೇಷ್ಟ್ರು ಓಡಿ ಬಂದು ನನ್ನನ್ನು ಎಬ್ಬಿಸಿ, ತೊಡೆಯಿಂದ ಮುಳ್ಳು ಕೀಳುತ್ತಾ, “ಅಳಬ್ಯಾಡ. ಬಿದ್ದದ್ದೂ ಇಳಿದಂಗೇ ಲೆಕ್ಕ ಕಣ್ಲಾ” ಅಂದರು. ಗಣಿತದಲ್ಲಿ ಅವರು ನನಗೆ ಧಾರಾಳವಾಗಿ ಕೊಟ್ಟ ಅಂಕ ಅದೊಂದೇ.

ಈ ವಿಷಯದಲ್ಲಿ ನೂರಕ್ಕೆ ನೂರು ತೆಗೆದುಕೊಳ್ಳುತ್ತಿದ್ದವನು ನನ್ನ ಪಕ್ಕದ ಬೆಂಚಿನ ಧರಣೇಂದ್ರ. ಈಗ ಚನ್ನರಾಯಪಟ್ಟಣದಲ್ಲಿ ಅವನದು ದೊಡ್ಡ ಪಾತ್ರೆ ಅಂಗಡಿ. ಆಗ ಬಾಗೂರಿನಲ್ಲಿ ಅವನ ಅಪ್ಪನದು ಸಣ್ಣ ಪಾತ್ರೆ ಅಂಗಡಿ. ಧರಣಿ ಸೈಕಲ್ಲಿನಿಂದ ಇಳಿಯುವುದನ್ನು ನೋಡಲಿಕ್ಕೆಂದೇ ಹುಡುಗಿಯರು ಶಾಲೆಯ ಗೇಟಿನ ಹತ್ತಿರ ನಿಲ್ಲುತ್ತಿದ್ದರು ಅಂತ ನನಗೆ ಅನುಮಾನ. ಬಲಗಾಲನ್ನು ಅರ್ಧಚಂದ್ರಾಕಾರವಾಗಿ ಹಿಂದಕ್ಕೆ ಬೀಸಿ, ಎಡ ಪೆಡಲಿನ ಮೇಲೆ ಒಂಟಿ ಕಾಲಲ್ಲಿ ತೇಲಿಕೊಂಡು ಬಂದು, ಮೇಷ್ಟ್ರಿಗೆ ಸರಿಯಾಗಿ ಹತ್ತು ಹೆಜ್ಜೆ ಇರುವಾಗ ನೆಲಕ್ಕೆ ಕಾಲಿಡುತ್ತಿದ್ದ. ಒಂಬತ್ತಲ್ಲ, ಹನ್ನೊಂದಲ್ಲ.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಪರೀಕ್ಷೆಯಲ್ಲಿ ಅವನು ಮೊದಲು. ಖೋಖೋದಲ್ಲಿ ಅವನು ಮೊದಲು. ಗಾಂಧಿ ಜಯಂತಿಯ ಸೈಕಲ್ ಓಟದಲ್ಲಿ ಮೂರು ವರ್ಷವೂ ಅವನು ಮೊದಲು, ನಾನು ಅವನ ಹಿಂದಿನ ಚಕ್ರದ ದೂಳು ಕುಡಿದವನು. ನನಗಿಂತ ಮೊದಲು ಅವನಿಗೆ ಮೀಸೆ ಬಂತು. ನನಗಿಂತ ಮೊದಲು ಮದುವೆಯಾಯಿತು. ತಲೆಗೂದಲು ಉದುರುವುದರಲ್ಲಾದರೂ ಅವನು ಮೊದಲಾಗಲಿ ಅಂತ ಕಾದೆ. ಅದರಲ್ಲಿ ಮಾತ್ರ ನನ್ನನ್ನು ಮುಂದೆ ಬಿಟ್ಟ. ಇಷ್ಟಾಗಿಯೂ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗುವುದಿಲ್ಲ. ಅವನು ಒಳ್ಳೆಯವನು. ಒಳ್ಳೆಯವರ ಜೊತೆ ಸ್ಪರ್ಧೆಗೆ ಇಳಿಯುವುದರಷ್ಟು ದೊಡ್ಡ ಹಿಂಸೆ ಇನ್ನೊಂದಿಲ್ಲ.

ಕಾಲಿನಿಂದ ನನಗೆ ಲಾಭವೇ ಆಗಿಲ್ಲವೆಂದರೆ ಸುಳ್ಳಾಗುತ್ತದೆ. ಹೆಣ್ಣು ನೋಡಲು ಹೊಳೆನರಸೀಪುರಕ್ಕೆ ಸ್ಕೂಟರಿನಲ್ಲಿ ಹೋಗಿದ್ದೆ. ಹುಡುಗಿಯ ಅಪ್ಪ ದಾರಿ ತೋರಿಸಲೆಂದು ಬೀದಿಯ ತುದಿಗೇ ಬಂದು ನಿಂತಿದ್ದರು. ಅವರ ಬಿಳಿ ಮೀಸೆ ಕಂಡದ್ದೇ ತಡ, ಕಾಲು ತನ್ನ ಕೆಲಸ ಮಾಡಿತು. ಸ್ಕೂಟರಿನಿಂದ ಇಳಿಯುವಾಗ ಸ್ಕೂಟರನ್ನು ನಿಲ್ಲಿಸಬೇಕು ಎಂಬುದು ಅದಕ್ಕೆ ಗೊತ್ತಿಲ್ಲ. ನಾನು ರಸ್ತೆಯಲ್ಲಿ ನಿಂತೆ, ಸ್ಕೂಟರು ಒಂದಿಷ್ಟು ದೂರ ಒಂದೇ ಹೋಗಿ ಅವರ ಮನೆಯ ಕಾಂಪೌಂಡಿಗೆ ಒರಗಿಕೊಂಡಿತು. ಮಾವನವರು ಗಾಬರಿಯಾಗಲಿಲ್ಲ. “ಹುಡುಗ ವಿನಯವಂತ” ಅಂದರು. ಅವತ್ತೇ ಮಾತುಕತೆ ಮುಗಿಯಿತು. “ನಮ್ಮಪ್ಪ ನಿಮ್ಮ ಮುಖ ನೋಡಿದ್ರೆ ಕೊಡ್ತಾ ಇರ್ಲಿಲ್ಲ ಕಣ್ರೀ, ಕಾಲು ನೋಡಿ ಕೊಟ್ರು” ಅಂತ ನನ್ನ ಹೆಂಡತಿ ವಿಮಲಾ ಈಗಲೂ ನೆಂಟರ ಮುಂದೆ ಹೇಳುತ್ತಾಳೆ.

ಈಗ ನನಗೆ ಐವತ್ಮೂರು. ಹಾಸನದಲ್ಲಿ ಒಂದು ಜೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ ಇಟ್ಟುಕೊಂಡಿದ್ದೇನೆ. ದಿನವಿಡೀ ಕೂತು ಕೆಲಸ. ಎರಡು ವರ್ಷದ ಹಿಂದೆ ಡಾಕ್ಟರು ಸಕ್ಕರೆ ಕಾಯಿಲೆಯ ಮಾತೆತ್ತಿ, “ನಡೀರಿ, ಇಲ್ಲ ಸೈಕಲ್ ತುಳೀರಿ” ಅಂದರು. ನಡೆಯುವುದಕ್ಕೆ ಸೋಮಾರಿತನ. ಸೈಕಲ್ ಅಂಗಡಿ ಚಂದ್ರುವಿನ ಹತ್ತಿರ ಹೋಗಿ ಗೇರಿನ ಸೈಕಲ್ ತಂದೆ. ಚಂದ್ರು ಸೈಕಲ್ ಮಾರಿದವರನ್ನು ಸುಮ್ಮನೆ ಬಿಡುವವನಲ್ಲ. ಬೆಳಗಿನ ಸವಾರಿಯ ಗುಂಪಿಗೆ ಸೇರಿಸುತ್ತಾನೆ, ಬಣ್ಣದ ಅಂಗಿ ತೊಡಿಸುತ್ತಾನೆ, ವರ್ಷಕ್ಕೊಂದು ಸಲ ಓಟಕ್ಕೆ ನಿಲ್ಲಿಸುತ್ತಾನೆ. ಹುಡುಗರಿಗೆ ಚನ್ನರಾಯಪಟ್ಟಣದಿಂದ ಶುರುವಾಗಿ ಹೊಳೆನರಸೀಪುರ, ಅರಕಲಗೂಡು ಸುತ್ತಿ ಹಾಸನಕ್ಕೆ ಬರುವ ಓಟ. ಐವತ್ತು ದಾಟಿದವರಿಗೆ ಅರಕಲಗೂಡಿನಿಂದ ಹಾಸನಕ್ಕೆ ಮಾತ್ರ. ಇದಕ್ಕೆ ಅವನು ಇಟ್ಟ ಹೆಸರು ‘ಹಿರಿಯರ ವಿಭಾಗ’. ಜೀವನವೆಲ್ಲ ಹಿರಿಯರಿಗೆ ಇಳಿದು ಇಳಿದು ಸಾಕಾದವನು ನಾನು. ನಾನೇ ಹಿರಿಯನಾದದ್ದು ಆ ಅರ್ಜಿ ತುಂಬುವಾಗಲೇ ಗೊತ್ತಾದದ್ದು.

ಅರ್ಜಿ ಕೊಟ್ಟು ಬರುವಾಗ ಪಟ್ಟಿ ನೋಡಿದೆ. ಒಂಬತ್ತು ಹೆಸರು. ಮೂರನೆಯದು: ಧರಣೇಂದ್ರ, ಚನ್ನರಾಯಪಟ್ಟಣ.

ಮೊದಲ ಎರಡು ಬಹುಮಾನ ಯಾರಿಗೆಂಬುದು ಎಲ್ಲರಿಗೂ ಗೊತ್ತಿತ್ತು. ಅರಕಲಗೂಡಿನ ಕಡೆಯ ಹಾಲಿನ ಜವರಣ್ಣ ಮೂವತ್ತು ವರ್ಷದಿಂದ ಎರಡು ಹೊತ್ತೂ ಕ್ಯಾನು ಹೇರಿಕೊಂಡು ಡೈರಿಗೆ ತುಳಿದವನು. ಇನ್ನೊಬ್ಬರು ಸೈನ್ಯದಿಂದ ನಿವೃತ್ತರಾದವರು, ನಿಂತಲ್ಲೇ ಬೆವರುವಂತೆ ವ್ಯಾಯಾಮ ಮಾಡುವವರು. ಉಳಿದದ್ದು ಮೂರನೆಯ ಸ್ಥಾನ. ಅದಕ್ಕೆ ನಾನು ಮತ್ತು ಧರಣಿ. ಆ ಪದಕದ ಮೇಲೆ ನನಗೆ ಆಸೆ ಇರಲಿಲ್ಲ, ನಂಬಿ. ನನಗೆ ಬೇಕಿದ್ದದ್ದು ಒಂದೇ. ಸಾಯುವುದರೊಳಗೆ ಒಂದೇ ಒಂದು ಸಲ ಧರಣಿಗಿಂತ ಮುಂದೆ ಹೋಗಬೇಕು. ಐವತ್ಮೂರು ವಯಸ್ಸಿನ ಮನುಷ್ಯ ಇಂಥದ್ದಕ್ಕೆ ನಿದ್ದೆಗೆಡುತ್ತಾನೆಯೇ ಅಂತ ಕೇಳಬೇಡಿ. ನಾನು ಕೆಟ್ಟಿದ್ದೇನೆ.

ಆಗ ಚಂದ್ರುವೇ ನನ್ನ ಕೈಗೆ ಕತ್ತಿ ಕೊಟ್ಟ. “ರುದ್ರಣ್ಣ, ಭಾಷಣ ಉದ್ದ ಮಾಡ್ದೇ ಇರೋ ಅತಿಥಿ ಒಬ್ರು ಬೇಕು ಕಣಣ್ಣ. ಓದ್ಸಲ ಕರೆಸಿದ್ದೋರು ಮಾತು ಮುಗ್ಸೋ ಹೊತ್ಗೆ ಗೆದ್ದೋರೆಲ್ಲ ತಿಂಡಿ ತಿಂದು ಮನೆಗೋಗ್ಬಿಟ್ಟಿದ್ರು.”

ನನ್ನ ತಲೆಯೊಳಗೆ ಒಂದು ದೀಪ ಹತ್ತಿಕೊಂಡಿತು. ಗಂಗಾಧರಯ್ಯ ಮೇಷ್ಟ್ರು ಈಗ ಹಾಸನದಲ್ಲೇ ಮಗಳ ಮನೆಯಲ್ಲಿದ್ದಾರೆ. ಎಂಬತ್ತಾರು ವಯಸ್ಸು. ಅವರು ಓಟ ಮುಗಿಯುವ ಗೆರೆಯ ಹತ್ತಿರ ಇದ್ದರೆ? ಗೆರೆಯ ಹತ್ತಿರ ಅಲ್ಲ, ಗೆರೆಗಿಂತ ಸ್ವಲ್ಪ ಮುಂಚೆ ಇದ್ದರೆ? ಧರಣಿಯ ಬಲಗಾಲು ನನ್ನದಕ್ಕಿಂತ ವಿಧೇಯ. ಅವನು ಇಳಿದೇ ಇಳಿಯುತ್ತಾನೆ. ಹಿಂದೆ ಹತ್ತು, ಮುಂದೆ ಹತ್ತು, ಇಪ್ಪತ್ತು ಹೆಜ್ಜೆ ನಡೆಯುತ್ತಾನೆ. ನಾನೊಬ್ಬ ಇಳಿಯದಿದ್ದರೆ ಆಯಿತು.

“ಚಂದ್ರು, ಮೇಷ್ಟ್ರಿಗೆ ವಯಸ್ಸಾಗಿದೆ ಕಣಪ್ಪ, ಗೆರೆ ಹತ್ರ ಬಿಸಿಲು. ಅಲ್ಲಿಂದ ಒಂದು ಐವತ್ತು ಅಡಿ ಈಚೆಗೆ ಹೊಂಗೆ ಮರ ಇದೆಯಲ್ಲ, ಅದರ ನೆರಳಲ್ಲಿ ಕುರ್ಚಿ ಹಾಕ್ಸು” ಅಂದೆ. ಚಂದ್ರು ನನ್ನ ಕೈ ಹಿಡಿದುಕೊಂಡ. “ನಿಮ್ಮಂಗೆ ಗುರುಗಳ ಬಗ್ಗೆ ಯೋಚ್ನೆ ಮಾಡೋರು ಈಗ ಎಲ್ಲಿದ್ದಾರಣ್ಣ?” ಅಂದ. ನಾನು ತಲೆ ತಗ್ಗಿಸಿ ವಿನಯದಿಂದ ಒಪ್ಪಿಕೊಂಡೆ.

ಮೇಷ್ಟ್ರನ್ನು ಕರೆಯಲು ನಾನೇ ಹೋದೆ. ವರಾಂಡದಲ್ಲಿ ಕೂತಿದ್ದವರು ದನಿ ಕೇಳಿ ಕಣ್ಣು ಕಿರಿದು ಮಾಡಿ ನೋಡಿದರು. ದೃಷ್ಟಿ ಮಂಜಾಗಿದೆ, ಬಣ್ಣ ಕಾಣುತ್ತದೆ, ಮುಖ ಗೊತ್ತಾಗುವುದಿಲ್ಲ ಅಂತ ಮಗಳು ಹೇಳಿದರು. ನಾನು ಹೆಸರು ಹೇಳಿ, ಊರು ಹೇಳಿ, ಕಾಲು ಮುಟ್ಟಿದೆ.

“ಯಾತ್ರಲ್ಲಿ ಬಂದೆ?”

“ಸೈಕಲ್ಲಲ್ಲಿ, ಸಾ.”

“ಗೇಟ್ ಹತ್ರ ಇಳಿದ್ಯೋ, ಬಾಗ್ಲು ಗಂಟ ತುಳ್ಕೊಂಡೇ ಬಂದ್ಯೋ?”

“ಬೀದಿ ತುದೀಲೇ ಇಳಿದೆ, ಸಾ.”

“ಹ್ಞೂಂ” ಅಂದರು. ಅಷ್ಟು ಸಂತೋಷ ಅವರ ಮುಖದಲ್ಲಿ ನನ್ನ ಗಣಿತದ ಉತ್ತರ ಪತ್ರಿಕೆ ನೋಡುವಾಗ ಒಮ್ಮೆಯೂ ಬಂದದ್ದಿಲ್ಲ. ಬರುತ್ತೇನೆ ಅಂತ ಒಪ್ಪಿಕೊಂಡರು.

ಅರ್ಧ ಕೆಲಸ ಆಯಿತು. ಇನ್ನರ್ಧ ನನ್ನ ಕಾಲಿಗೆ ಕಲಿತದ್ದನ್ನು ಮರೆಸುವುದು. ಬೆಳಿಗ್ಗೆ ಬೂವನಹಳ್ಳಿ ಕಡೆಯ ರಸ್ತೆಗಳು ಖಾಲಿ ಇರುತ್ತವೆ. ವಿಮಾನಗಳು ಇಳಿಯಲೆಂದು ಗೊತ್ತುಮಾಡಿದ ಜಾಗದ ಸುತ್ತಮುತ್ತ ನಾನು ಇಳಿಯದಿರುವುದನ್ನು ಕಲಿಯಲು ಹೊರಟೆ. ವಿಮಲಾಳನ್ನು ಹೇಗೋ ಪುಸಲಾಯಿಸಿ ಸ್ಕೂಟರಿನಲ್ಲಿ ಬರಹೇಳಿದೆ. ನಮ್ಮಪ್ಪನ ಹಳೇ ಕರಿ ಕೋಟು ಹಾಕಿಸಿ, ತಲೆಗೆ ಟೋಪಿ ಇಟ್ಟು, ಕೈಗೆ ಊರುಗೋಲು ಕೊಟ್ಟು ರಸ್ತೆ ಬದಿಯಲ್ಲಿ ನಿಲ್ಲಿಸಿದೆ.

“ನಾನೇನು ಹೊಲದ ಬೆದರುಬೊಂಬೇನಾ?” ಅಂತ ಅವಳು.

“ನೀನು ಮೇಷ್ಟ್ರು. ಸುಮ್ನೆ ನಿಂತ್ಕೋ. ಗಂಭೀರವಾಗಿ ನಿಂತ್ಕೋ.”

ಮೊದಲನೆಯ ದಿನ ಆರು ಸಲ ಬಂದೆ, ಆರು ಸಲವೂ ಇಳಿದೆ. ಕಟ್ಟಿಕೊಂಡ ಹೆಂಡತಿಯೆಂದು ಕಣ್ಣಿಗೆ ಗೊತ್ತು, ಕಾಲಿಗೆ ಕೋಟು ಮಾತ್ರ ಗೊತ್ತು. ಎರಡನೆಯ ದಿನ ದನ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ನಿಂತು ನೋಡಿ, “ಏನ್ ಸಾ, ಶೂಟಿಂಗಾ?” ಅಂತ ಕೇಳಿದ. ವಿಮಲಾ ಟೋಪಿ ಸರಿ ಮಾಡಿಕೊಂಡು, “ಹೂಂ ಕಣಪ್ಪ, ನಾನೇ ಹೀರೋ” ಅಂದಳು. ನಾಲ್ಕನೆಯ ದಿನ ಒಂದು ಉಪಾಯ ಹೊಳೆಯಿತು. ಎದುರಿಗೆ ನೋಡಿದರೆ ತಾನೇ ಇಳಿಯುವುದು? ಮುಂದಿನ ಚಕ್ರವನ್ನೇ ನೋಡುತ್ತಾ, ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತಾ ತುಳಿದೆ. ಹದಿನೇಳರ ಮಗ್ಗಿ ನನಗೆ ಯಾವತ್ತೂ ಸರಿಯಾಗಿ ಬಂದಿಲ್ಲವಾದ್ದರಿಂದ ಮನಸ್ಸು ಪೂರ್ತಿ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಕಣ್ಣೆತ್ತಿ ನೋಡಿದಾಗ ಕರಿ ಕೋಟು ನನ್ನ ಹಿಂದೆ ದೂರದಲ್ಲಿತ್ತು.

ಗೆದ್ದವನಂತೆ ಕೂಗುತ್ತಾ ತಿರುಗಿ ಬಂದೆ. ವಿಮಲಾ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದಳು. ಮುಖ ಸಣ್ಣದಾಗಿತ್ತು.

“ನಿಜವಾಗ್ಲೂ ಇಳೀದೆ ಹೋಗ್ಬಿಟ್ರಲ್ರೀ” ಅಂದಳು.

“ಅದಕ್ಕೇ ಅಲ್ವೇನೇ ಇಷ್ಟು ದಿನ ಒದ್ದಾಡಿದ್ದು?”

“ಅದು ಸರಿ. ಆದ್ರೂ ಯಾಕೋ ಒಂಥರಾ ಆಯ್ತು” ಅಂದು ಕೋಟು ಬಿಚ್ಚಿ ಸ್ಕೂಟರಿನ ಡಿಕ್ಕಿಗೆ ತುರುಕಿದಳು. ಅವತ್ತು ತಿಂಡಿಗೆ ನನಗೆ ಹಿಂದಿನ ದಿನದ ಚಿತ್ರಾನ್ನ ಸಿಕ್ಕಿತು.

ಓಟದ ಬೆಳಿಗ್ಗೆ ಅರಕಲಗೂಡಿನಲ್ಲಿ ಸಣ್ಣ ಚಳಿ. ಒಂಬತ್ತು ಜನ ಹಿರಿಯರು ಬಿಗಿ ಚಡ್ಡಿ, ಬಣ್ಣದ ಅಂಗಿಗಳಲ್ಲಿ ಹೊಟ್ಟೆ ಎಳೆದುಕೊಂಡು ನಿಂತಿದ್ದೆವು. ಜವರಣ್ಣ ಮಾತ್ರ ಪಟ್ಟೆ ಪಟ್ಟೆ ನಿಕ್ಕರು, ರಬ್ಬರ್ ಚಪ್ಪಲಿ. ಕರಿ ಸೈಕಲ್ಲಿನಿಂದ ಕ್ಯಾನು ನೇತುಹಾಕುವ ಕೊಕ್ಕೆಗಳನ್ನೂ ತೆಗೆದಿರಲಿಲ್ಲ. “ಜವರಣ್ಣ, ಆ ಕೊಕ್ಕೆನಾದ್ರೂ ಬಿಚ್ಚಬಾರದಾ, ಭಾರ ಅಲ್ವಾ?” ಅಂತ ಕೇಳಿದೆ. “ಇರ್ಲಿ ಬುಡಿ ಸಾ, ಕ್ಯಾನಿಲ್ದೇ ಓದ್ರೆ ಇದು ಅಂಗೇ ಆರ್ಬುಡ್ತದೆ” ಅಂದ. ಸೀಟಿ ಊದಿದ ಮೇಲೆ ನಾವು ಅವನ ಬೆನ್ನನ್ನು ನೋಡಿದ್ದು ಮೊದಲ ತಿರುವಿನವರೆಗೆ ಮಾತ್ರ.

ಧರಣಿ ನನ್ನ ಪಕ್ಕದಲ್ಲೇ ಹೊರಟ. ಅಂಗಿ ಹೊಸದು, ಹಾಲಿನಂಥ ಬಿಳಿ. “ಹೆಂಗಿದ್ದೀಯೋ ರುದ್ರ? ಸಕ್ಕರೆ ಹೆಂಗೈತೆ?” ಅಂತ ಕೇಳಿದ. ಓಟದಲ್ಲಿ ಯಾರಾದರೂ ಯೋಗಕ್ಷೇಮ ವಿಚಾರಿಸುತ್ತಾರೆಯೇ? ಉತ್ತರ ಹೇಳಿದರೆ ಉಸಿರು ಕಳೆದುಕೊಳ್ಳುತ್ತೇನೆಂದು ಸುಮ್ಮನೆ ತಲೆಯಾಡಿಸಿ ಮುಂದೆ ಹೋದೆ. ಹೌದು, ಮುಂದೆ! ಐದಾರು ಕಿಲೋಮೀಟರು ನಾನೇ ಮುಂದಿದ್ದೆ. ಎಡಬಲಕ್ಕೆ ಶುಂಠಿ ಹೊಲ, ಹೊಗೆಸೊಪ್ಪಿನ ಹೊಲ. ಗಾಳಿ ಬೆನ್ನಿಗಿತ್ತು. ಜೀವನ ಬಹಳ ಚೆನ್ನಾಗಿದೆ ಅನ್ನಿಸಿತು.

ಒಂದು ಹಳ್ಳಿಯ ಹತ್ತಿರ ಸೊಪ್ಪಿನ ಹೊರೆ ಹೊತ್ತ ಅಜ್ಜಿಯೊಬ್ಬಳು ರಸ್ತೆಗೆ ಬಂದಳು. ಮಗ್ಗಿ ಶುರು ಮಾಡಲು ಮರೆತಿದ್ದೆ. ಕಾಲು ಇಳಿಯಿತು. ಅಜ್ಜಿ ನನ್ನ ಹೆಲ್ಮೆಟ್ಟು, ಕರಿ ಕನ್ನಡಕ ನೋಡಿ ಹೆದರಿ, “ಯಾರಪ್ಪ ನೀನು? ಕರೆಂಟಾಫೀಸೋನಾ?” ಅಂದಳು. ಅಷ್ಟರಲ್ಲಿ ಧರಣಿ ಬಂದ.

“ಯಾಕೋ ರುದ್ರ, ಪಂಚರ್ರಾ?”

“ಇಲ್ಲ ಕಣೋ, ಅಜ್ಜಿ.”

“ಯಾರಜ್ಜಿ?”

“ಗೊತ್ತಿಲ್ಲ!”

ಅವನು ನಗುತ್ತಾ, ಅಜ್ಜಿಯ ಆಚೆ ಬದಿಯಲ್ಲಿ ತಾನೂ ಇಳಿದು, ಹತ್ತು ಹೆಜ್ಜೆ ನಡೆದು, ಹತ್ತಿಕೊಂಡು ಹೋದ. ಅದನ್ನು ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ, ಅವನ ಕಾಲಿಗೆ ದೃಷ್ಟಿ ತೆಗೆಯೋಣವೆನ್ನಿಸಿತು. ಇಷ್ಟು ವರ್ಷವಾದರೂ ಅದು ಕೆಟ್ಟಿಲ್ಲ. ನನ್ನ ಕುರ್ಚಿ ಕೆಲಸ ಮಾಡುತ್ತದೆ.

ಹೇಮಾವತಿಯ ಸೇತುವೆ ದಾಟಿದ ಮೇಲೆ ಏರು. ಅಲ್ಲಿ ಗೇರು ಬದಲಿಸುವ ಅವಸರದಲ್ಲಿ ನನ್ನ ಚೈನು ಕಳಚಿ, ಚಕ್ರಕ್ಕೂ ಕಂಬಿಗೂ ನಡುವೆ ಸಿಕ್ಕಿಕೊಂಡಿತು. ಎಳೆದೆ, ಬೈದೆ, ಒದ್ದೆ. ಬರಲಿಲ್ಲ. ಮೇಲೆ ಧರಣಿಯ ಬಿಳಿ ಅಂಗಿ ಸಣ್ಣದಾಗುತ್ತಿತ್ತು. ನಲವತ್ತು ವರ್ಷದ ಆಸೆ ಒಂದು ಚೈನಿಗೆ ಸಿಕ್ಕಿ ಸಾಯುತ್ತಿದೆಯಲ್ಲ ಅಂತ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. ತಲೆಯೆತ್ತಿದರೆ ಬಿಳಿ ಅಂಗಿ ದೊಡ್ಡದಾಗುತ್ತಿದೆ! ಧರಣಿ ತಿರುಗಿ ಇಳಿದು ಬಂದಿದ್ದ.

“ಸರಿ ಆ ಕಡೆ. ಎಳೀಬ್ಯಾಡ, ಮುರೀತದೆ” ಅಂದು ಮಂಡಿಯೂರಿ ಕೂತು, ಪಾತ್ರೆ ಅಂಗಡಿಯ ಬೆರಳುಗಳಿಂದ ಮೆಲ್ಲಗೆ ಚೈನು ಬಿಡಿಸಿ ಹಲ್ಲಿಗೆ ಕೂರಿಸಿದ. ಕೈಗೆ ಮೆತ್ತಿದ ಗ್ರೀಸನ್ನು ತನ್ನ ಬಿಳಿ ಅಂಗಿಗೇ ಒರೆಸಿಕೊಂಡ. “ನಡಿ, ಈಗ ನೋಡೋಣ” ಅಂದ.

ಇಂಥವನನ್ನು ಏನು ಮಾಡುವುದು ಹೇಳಿ. ನನಗೆ ನಾಚಿಕೆಯಾಯಿತು. ಕುರ್ಚಿಯ ವಿಷಯ ಹೇಳಿಬಿಡೋಣವೆಂದು ಬಾಯಿ ತೆರೆದೆ. ಆದರೆ ಏರು ಮುಗಿದು ಇಳಿಜಾರು ಶುರುವಾಯಿತು, ಇಳಿಜಾರಿನಲ್ಲಿ ನಾಚಿಕೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಹಾಸನದ ಮನೆಗಳು ಕಾಣಿಸತೊಡಗಿದವು. ಜವರಣ್ಣ, ಸೈನ್ಯದವರು ಆಗಲೇ ಮುಟ್ಟಿದ್ದಾರೆಂದು ದಾರಿಬದಿಯ ಹುಡುಗರು ಕೂಗಿ ಹೇಳಿದರು. ಧರಣಿ ನನಗಿಂತ ಎರಡು ಸೈಕಲ್ಲಿನಷ್ಟು ಮುಂದಿದ್ದ. ನಾನು ಸತ್ತರೂ ಅವನನ್ನು ದಾಟುವಂತಿರಲಿಲ್ಲ. ಮೊಣಕಾಲು ನನ್ನವಲ್ಲ, ಉಸಿರು ನನ್ನದಲ್ಲ. ಕೊನೆಯ ತಿರುವು. ದೂರದಲ್ಲಿ ಬಣ್ಣದ ಕಾಗದದ ತೋರಣ, ಸುಣ್ಣದ ಗೆರೆ. ಅದಕ್ಕಿಂತ ಈಚೆಗೆ ಹೊಂಗೆ ಮರ. ಮರದ ಕೆಳಗೆ ಕುರ್ಚಿ. ಕುರ್ಚಿಯಲ್ಲಿ ಕೋಲಿನ ಮೇಲೆ ಎರಡು ಕೈ ಊರಿಕೊಂಡು, ರಸ್ತೆಯ ಕಡೆ ಮುಖ ಮಾಡಿ ಕೂತ ಗಂಗಾಧರಯ್ಯ ಮೇಷ್ಟ್ರು.

ಹದಿನೇಳೊಂದ್ಲಿ ಹದಿನೇಳು. ಹದಿನೇಳೆರಡ್ಲಿ ಮೂವತ್ನಾಲ್ಕು. ಕಣ್ಣಂಚಿನಲ್ಲಿ ಧರಣಿಯ ಬಲಗಾಲು ಅರ್ಧಚಂದ್ರಾಕಾರವಾಗಿ ಏಳುವುದು ಕಂಡಿತು. ಅದೇ ಬೀಸು, ಅದೇ ತೇಲು. ಹೊಟ್ಟೆ ಬಂದಿದೆ, ಕೂದಲು ನೆರೆತಿದೆ, ಆ ಇಳಿಯುವ ಚೆಂದ ಮಾತ್ರ ಹಾಗೇ ಇದೆ. ಅವನು ತಲೆ ತಗ್ಗಿಸಿ ನಡೆಯತೊಡಗಿದ. ಹದಿನೇಳ್ಮೂರ್ಲಿ ಐವತ್ತೊಂದು. ನನ್ನ ಕಾಲು ಎಳೆಯಿತು. ಹಲ್ಲು ಕಚ್ಚಿ ಪೆಡಲಿಗೆ ಒತ್ತಿದೆ. ಹದಿನೇಳ್ನಾಲ್ಕ್ಲಿ... ಮುಂದಿನದು ಬರಲಿಲ್ಲ. ಕೋಲಿನ ತುದಿ ನನ್ನ ಪಕ್ಕದಲ್ಲೇ ಹಾದು ಹೋಯಿತು. ಆಮೇಲೆ ಚಪ್ಪಾಳೆ, ಸೀಟಿ, ಚಂದ್ರುವಿನ ಕೂಗು. ಗೆರೆ ದಾಟಿದ್ದೆ. ಮೂರನೆಯವನು! ಧರಣಿಗಿಂತ ಮುಂದೆ!

ತಿರುಗಿ ನೋಡಿದೆ. ಅವನು ಇನ್ನೂ ನಡೆಯುತ್ತಿದ್ದ. ಮೇಷ್ಟ್ರನ್ನು ದಾಟಿ ಆರು, ಏಳು, ಎಂಟು. ಹಿಂದಿದ್ದ ಇಬ್ಬರು ಅವನನ್ನು ದಾಟಿ ಬಂದು ಗೆರೆ ಮುಟ್ಟಿದರು. ಹತ್ತು ಮುಗಿಸಿಯೇ ಅವನು ಸೈಕಲ್ ಹತ್ತಿದ್ದು. ಆರನೆಯವನಾಗಿ ಬಂದು, ಹೆಲ್ಮೆಟ್ ತೆಗೆದು, ಮೊದಲು ಮಾಡಿದ ಕೆಲಸವೆಂದರೆ ನನ್ನ ಬೆನ್ನು ತಟ್ಟಿದ್ದು.

ಮೇಷ್ಟ್ರನ್ನು ಮೇಜಿನ ಹತ್ತಿರ ಕರೆತಂದರು. ಜವರಣ್ಣ ಪದಕ ಹಾಕಿಸಿಕೊಂಡು, ಡೈರಿಗೆ ಹೊತ್ತಾಯಿತೆಂದು ಹೊರಟೇಬಿಟ್ಟ. ಸೈನ್ಯದವರು ಸೆಲ್ಯೂಟ್ ಹೊಡೆದರು. ನನ್ನ ಸರದಿ. ಚಂದ್ರು ಮೈಕಿನಲ್ಲಿ “ಮೂರನೇ ಬಹುಮಾನ” ಅಂದವನು, ಹೆಸರು ಬರೆದ ಚೀಟಿ ಹುಡುಕಲು ಜೇಬಿಗೆ ಕೈ ಹಾಕಿದ. ಮೇಷ್ಟ್ರು ಪದಕದ ಪಟ್ಟಿ ಹಿಡಿದು ಎದುರಿಗೆ ನಿಂತಿದ್ದರು. ನಾನು ತಲೆ ಬಗ್ಗಿಸಿದೆ. 

“ಯಾವನ್ಲಾ ನೀನು?” ಅಂತ ಮೆಲ್ಲಗೆ ಕೇಳಿದರು.

ನೋಡಿ, ನನ್ನ ಕಾಲು ನನ್ನ ಮಾತು ಕೇಳಿತ್ತು. ಈಗ ನಾಲಿಗೆ ಕೈಕೊಟ್ಟಿತು. ಮತ್ತೆ ಹನ್ನೆರಡು ವರ್ಷದ ಹುಡುಗನಾಗಿಬಿಟ್ಟೆ. ಇಳಿಯದೆ ಹೋದವನು ರುದ್ರೇಶ ಅಂತ ಅವರಿಗೆ ಗೊತ್ತಾಗಬಾರದು, ಅಷ್ಟೇ.

“ಧರಣೇಂದ್ರ, ಸಾ” ಅಂದೆ.

ಮೇಷ್ಟ್ರ ಕೈ ಅಲ್ಲೇ ನಿಂತಿತು. ಮಂಜು ಕಣ್ಣಿನಿಂದ ನನ್ನ ಅಂಗಿಯ ಬಣ್ಣವನ್ನು ನೋಡಿದರು.

“ಅಲ್ಲ” ಅಂದರು. “ಧರಣಿ ಆಗಿದ್ರೆ ಇಳೀತಿದ್ದ.”

ಪದಕ ಕೊರಳಿಗೆ ಬಿತ್ತು. ಚೀಟಿ ಸಿಕ್ಕಿತು, ಚಂದ್ರು ನನ್ನ ಹೆಸರು ಕೂಗಿದ. ಜನ ಚಪ್ಪಾಳೆ ತಟ್ಟಿದರು. ನನಗೆ ಕೆಳಗೆ ನೋಡಿಕೊಂಡು ಬರುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಮರದ ಹಿಂದೆ ಧರಣಿ ಉಪ್ಪಿಟ್ಟು ತಿನ್ನುತ್ತಾ ಕೂತಿದ್ದ. ಪಕ್ಕದಲ್ಲಿ ಹೋಗಿ ಕುಳಿತೆ. ಅವನು ಪದಕವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, “ಹಿತ್ತಾಳೆ ಅಲ್ಲ ಕಣೋ, ಬರೀ ಬಣ್ಣ” ಅಂದ. ಪಾತ್ರೆ ಅಂಗಡಿಯವನ ಬುದ್ಧಿ. ನಾನು ತಡೆಯಲಾರದೆ ಹೇಳಿಬಿಟ್ಟೆ. “ಧರಣಿ, ಆ ಕುರ್ಚಿ ಅಲ್ಲಿ ಹಾಕ್ಸಿದ್ದು ನಾನು ಕಣೋ.”

“ಗೊತ್ತು. ಚಂದ್ರು ನಿನ್ನೇನೇ ಹೇಳ್ದ, ರುದ್ರಣ್ಣ ಮೇಷ್ಟ್ರಿಗೆ ನೆರಳು ಮಾಡ್ಸವ್ರೆ ಅಂತ. ನೀನು ಯಾವತ್ತು ಯಾರ ನೆರಳಿನ ಯೋಚ್ನೆ ಮಾಡ್ದೋನು? ಆಗ್ಲೇ ತಿಳೀತು.”

ಹಾಗಾದರೆ ಏರಿನಲ್ಲಿ ತಿರುಗಿ ಬಂದು ಚೈನು ಹಾಕಿಕೊಟ್ಟಾಗಲೂ ಇವನಿಗೆ ಎಲ್ಲ ಗೊತ್ತಿತ್ತು.

“ಗೊತ್ತಿದ್ದೂ ಇಳಿದ್ಯಾ?”

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕೈಯಲ್ಲಿದ್ದ ಉಪ್ಪಿಟ್ಟು ಕೈಯಲ್ಲೇ ಉಳಿಯಿತು.

“ಮೇಷ್ಟ್ರು ಕೂತಿದ್ರಲ್ಲೋ” ಅಂದ.

ಅದಾದ ಮೇಲೆ ಧರಣಿ ಎದುರಿಗೆ ನಡೆದು ಬರುವುದು ಕಂಡರೆ ನಾನು ಸೈಕಲ್ಲಿನಿಂದ ಇಳಿಯುತ್ತೇನೆ. ಕಾಲು ತಾನಾಗಿ ಇಳಿಯುವುದಲ್ಲ, ನಾನೇ ಇಳಿಸುತ್ತೇನೆ. ಅವನಿಗೆ ಇದು ಸ್ವಲ್ಪವೂ ಇಷ್ಟವಿಲ್ಲ. ಚನ್ನರಾಯಪಟ್ಟಣದ ಬೀದಿಯಲ್ಲಿ ಜನ ತನ್ನನ್ನು ಮುದುಕ ಅಂದುಕೊಳ್ಳುತ್ತಾರೆ, ಹತ್ತೋ ಸೈಕಲ್ಲು, ಅಂತ ಬೈಯುತ್ತಾನೆ. ಅವನು ನನಗಿಂತ ಮೂರು ತಿಂಗಳು ಚಿಕ್ಕವನು.